ಟಿಡಿಎಸ್ ಹೇಳದ ಲೆಕ್ಕ

ಕೂಡಲಸಂಗಮದಲ್ಲಿ ನೀರಿಗೆ ಬರವಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಬರುವ ಮಲಪ್ರಭೆ ಇಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೆಳಗಿನ ನಾರಾಯಣಪುರ ಜಲಾಶಯದ ಹಿನ್ನೀರು ಇಲ್ಲಿಯ ತನಕ ಬಂದು ನಿಲ್ಲುವುದರಿಂದ ಬಸವಣ್ಣನವರ ಐಕ್ಯಮಂಟಪವನ್ನು ಬಾವಿಯಂಥ ಎತ್ತರದ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಯಿತು. ಆದರೆ ಹೊಳೆ ಬಿಟ್ಟು ಹುನಗುಂದ, ಇಳಕಲ್ಲಿನ ಕಡೆಗೆ ಸರಿದಂತೆ ಕಲ್ಲುನೆಲ ಶುರುವಾಗುತ್ತದೆ, ಊರುಗಳು ಕೊಳವೆಬಾವಿಯನ್ನು ನೆಚ್ಚತೊಡಗುತ್ತವೆ, ಆ ನೀರಿನ ಜೊತೆ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡೂ ಮೇಲೆ ಬರುತ್ತದೆ. ಇದಕ್ಕೆ ಸರ್ಕಾರ ಕಂಡುಕೊಂಡ ಉತ್ತರ ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕ. ಗದಗಿನ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಇಂಥ ಸಾವಿರಾರು ಘಟಕಗಳು ರಾಜ್ಯದ ಹಳ್ಳಿಗಳಿಗೆ ಬಂದವು. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಜನ ಅದನ್ನು ಫಿಲ್ಟರ್ ನೀರು ಎನ್ನುತ್ತಾರೆ. ಆ ನೀರು ಹೇಗಿದೆ ಎಂದು ತೋರಿಸಲು ಘಟಕದ ಪ್ಯಾನೆಲ್ಲಿನಲ್ಲಿ ಒಂದು ಅಂಕಿ ಮಿನುಗುತ್ತಿರುತ್ತದೆ. ಮನೆಗೆ ಯಂತ್ರ ಮಾರಲು ಬರುವವರು ಪೆನ್ನಿನ ಗಾತ್ರದ ಮೀಟರನ್ನು ಲೋಟದಲ್ಲಿ ಅದ್ದಿ ತೋರಿಸುವುದೂ ಅದೇ ಅಂಕಿಯನ್ನೇ. ಅದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತ. ಫ್ಲೋರೈಡ್ ಇರುವ ಸೀಮೆಯಲ್ಲಿ ಈ ಒಂದು ಅಂಕಿಯನ್ನು ನಂಬಿ ನೀರಿನ ಗುಣ ತೀರ್ಮಾನಿಸುವುದು ತಪ್ಪು ಎಂಬುದು ನನ್ನ ವಾದ. ಏಕೆ ತಪ್ಪು ಎಂಬುದನ್ನು ಅತ್ಯಂತ ಚೆನ್ನಾಗಿ ತಿಳಿಸಿಕೊಡುವ ವಸ್ತು ಮಾತ್ರ ಫ್ಲೋರೈಡ್ ಅಲ್ಲ, ಬೋರಾನ್. ಅದು ಈ ಸೀಮೆಯ ಕಾಟವಲ್ಲ. ಸಮುದ್ರದ ನೀರನ್ನು ಸಿಹಿ ಮಾಡಹೊರಟವರನ್ನು ಕಾಡಿದ ವಸ್ತು. ಅದರ ಕಥೆಯಿಂದಲೇ ಶುರು ಮಾಡಿದರೆ ನಮ್ಮ ಘಟಕಗಳ ಒಳಗೇನು ನಡೆಯುತ್ತಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ಎಲ್ಲಕ್ಕೂ ಮೂಲ ಮೆಂಬ್ರೇನ್ ಎಂಬ ತೆಳು ಪೊರೆ. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸೇರಿ ಸೆಲ್ಯುಲೋಸ್ ಅಸಿಟೇಟಿನಿಂದ ಇಂಥ ಪೊರೆಯನ್ನು ತಯಾರಿಸಿದರು. ಒತ್ತಡ ಕೊಟ್ಟರೆ ನೀರನ್ನು ಬೇಕಾದಷ್ಟು ವೇಗದಲ್ಲಿ ಬಿಟ್ಟು ಉಪ್ಪನ್ನು ತಡೆಯುವ ಮೊದಲ ಪೊರೆ ಅದು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಒಳನಾಡಿನ ಸಣ್ಣ ಊರಿನಲ್ಲಿ ಅದನ್ನು ಬಳಸಿ ಸವುಳು ಅಂತರ್ಜಲವನ್ನು ಕುಡಿಯುವಂತೆ ಮಾಡಿದರು. ಆರ್‌ಒ (ರಿವರ್ಸ್ ಆಸ್ಮೋಸಿಸ್) ಎಂಬ ಈ ವಿಧಾನ ಹುಟ್ಟಿದ್ದು ಸಮುದ್ರಕ್ಕಾಗಿ ಎಂಬ ಭಾವನೆ ಸಾಮಾನ್ಯ; ಅದು ಊರ ಕೆಲಸಕ್ಕೆ ಮೊದಲು ಇಳಿದದ್ದು ಮಾತ್ರ ಇಳಕಲ್ಲಿನಂಥ ಒಳನಾಡಿನ ಊರಿನಲ್ಲಿ. ಇವತ್ತಿನ ಘಟಕಗಳಲ್ಲಿರುವುದು ಪಾಲಿಅಮೈಡಿನ ಪದರ. 1970ರ ದಶಕದಲ್ಲಿ ಜಾನ್ ಕ್ಯಾಡೊಟ್ ರೂಪಿಸಿದ ವಿಧಾನದ ಮುಂದುವರಿಕೆ. ಈ ಪದರವನ್ನು ಹಿಟ್ಟು ಸಾಣಿಸುವ ಜರಡಿ ಎಂದುಕೊಂಡರೆ ಅರ್ಧ ಮಾತ್ರ ಸರಿ. ಜರಡಿ ಕಾಳಿನ ಗಾತ್ರವನ್ನಷ್ಟೇ ನೋಡುತ್ತದೆ. ಪಾಲಿಅಮೈಡ್ ಪದರದಲ್ಲಿ ಕಣ್ಣಿಗೆ ಕಾಣುವ ತೂತುಗಳಿಲ್ಲ; ನೀರಿನ ಅಣುಗಳು ಅದರೊಳಗೆ ಕರಗಿದಂತೆ ಸೇರಿ, ನುಸುಳಿ, ಆಚೆ ಬದಿಯಲ್ಲಿ ಹೊರಬರುತ್ತವೆ. ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂಗಳಿಗೆ ವಿದ್ಯುದಂಶವಿದೆ. ಆ ಕಾರಣಕ್ಕೆ ಅವು ತಮ್ಮ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಕಟ್ಟಿಕೊಂಡೇ ತಿರುಗುತ್ತವೆ. ಆ ಗಂಟಿನ ಸಮೇತ ಪದರದೊಳಗೆ ಹೋಗುವುದು ಕಷ್ಟ, ಗಂಟನ್ನು ಬಿಚ್ಚಿ ಹೋಗುವುದು ಇನ್ನೂ ಕಷ್ಟ. ಪೊರೆ ತಡೆಯುವುದು ಹೆಚ್ಚಾಗಿ ಈ ಕಾರಣದಿಂದ. ಅದಕ್ಕೆ ವಿಷ ಯಾವುದು, ಪೋಷಕಾಂಶ ಯಾವುದು ಎಂಬ ಭೇದ ತಿಳಿಯದು.

ಬೋರಾನ್ ಜಾರಿಕೊಳ್ಳುವುದು ಇಲ್ಲೇ. ಸಾಮಾನ್ಯ ನೀರಿನಲ್ಲಿ ಅದು ಬೋರಿಕ್ ಆಮ್ಲದ ರೂಪದಲ್ಲಿರುತ್ತದೆ. ಕೇರಂ ಬೋರ್ಡಿನ ಮೇಲೆ ಉದುರಿಸುವ ಬಿಳಿ ಪುಡಿ ಇದೇ. ಈ ಅಣು ಚಿಕ್ಕದು, ಅದಕ್ಕೆ ವಿದ್ಯುದಂಶವಿಲ್ಲ, ನೀರಿನ ಅಣುವಿನ ಹಾಗೆಯೇ ಹೈಡ್ರೋಜನ್ ಬಂಧಗಳನ್ನು ಕಟ್ಟಿಕೊಳ್ಳಬಲ್ಲದು. ಪೊರೆಗೆ ಅದು ನೀರಿನದೇ ನೆಂಟನಂತೆ ತೋರಿದರೆ ಅಚ್ಚರಿಯಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 4.5 ಮಿಲಿಗ್ರಾಂ ಬೋರಾನ್ ಇರುತ್ತದೆ. ಅಡುಗೆ ಉಪ್ಪನ್ನು ನೂರಕ್ಕೆ 99ಕ್ಕಿಂತ ಹೆಚ್ಚು ತಡೆಯುವ ಸಮುದ್ರದರ್ಜೆಯ ಪೊರೆಯೇ ಬೋರಾನ್ ವಿಷಯದಲ್ಲಿ ಎಡವುತ್ತದೆ. ನೀರು ಬೆಚ್ಚಗಿದ್ದಷ್ಟೂ ಹೆಚ್ಚು ನುಸುಳಿ, ಸೋಸಿದ ನೀರಿನಲ್ಲೂ ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಉಳಿಯುವುದುಂಟು. ಕಡಿಮೆ ಒತ್ತಡದಲ್ಲಿ ಸವುಳು ನೀರು ಸೋಸುವ ಪೊರೆಗಳ ಗತಿ ಇನ್ನೂ ಸಪ್ಪೆ; ಬೋರಾನಿನ ಅರ್ಧದಷ್ಟನ್ನೂ ಅವು ಹಿಡಿಯದೆ ಹೋಗಬಹುದು. ಇದಕ್ಕೆ ಕಂಡುಕೊಂಡ ಉಪಾಯ ರಸಾಯನಶಾಸ್ತ್ರದ್ದು. ನೀರಿನ ಪಿಎಚ್ 9.2 ದಾಟಿದರೆ ಬೋರಿಕ್ ಆಮ್ಲದ ಅರ್ಧಕ್ಕಿಂತ ಹೆಚ್ಚು ಪಾಲು ಋಣ ವಿದ್ಯುದಂಶದ ಬೋರೇಟ್ ಆಗಿ ಬದಲಾಗುತ್ತದೆ. ಆಗ ಪೊರೆ ಅದನ್ನು ಗುರುತು ಹಿಡಿಯುತ್ತದೆ. ಆದರೆ ಸಮುದ್ರದ ನೀರಿಗೆ ನೇರವಾಗಿ ಕಾಸ್ಟಿಕ್ ಸೋಡಾ ಸುರಿದು ಪಿಎಚ್ ಏರಿಸಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಪೊರೆಯ ಮೇಲೆ ಗಾರೆಯಾಗಿ ಕೂರುತ್ತವೆ. ಹೀಗಾಗಿ ಒಮ್ಮೆ ಸೋಸಿ, ಉಪ್ಪು ಕಳೆದ ನೀರಿನ ಪಿಎಚ್ ಏರಿಸಿ, ಮತ್ತೆ ಸೋಸಬೇಕು. ಇಸ್ರೇಲಿನ ಅಶ್ಕೆಲೋನ್ ಸ್ಥಾವರ 2005ರಲ್ಲಿ ಶುರುವಾದಾಗ ಆ ಬಗೆಯ ಸ್ಥಾವರಗಳಲ್ಲಿ ಜಗತ್ತಿಗೇ ದೊಡ್ಡದು. ಅದರ ಸಾಮರ್ಥ್ಯ ದಿನಕ್ಕೆ 33 ಕೋಟಿ ಲೀಟರ್. ಬೋರಾನನ್ನು ಲೀಟರಿಗೆ 0.4 ಮಿಲಿಗ್ರಾಮಿಗೆ ಇಳಿಸುವ ಷರತ್ತಿಗಾಗಿಯೇ ಅಲ್ಲಿ ಹಲವು ಹಂತಗಳ ಹೆಚ್ಚುವರಿ ಪೊರೆಗಳನ್ನು ಕೂರಿಸಬೇಕಾಯಿತು. ಉಪ್ಪು ತೆಗೆಯುವ ಕೆಲಸ ಮುಗಿದ ಮೇಲೆ, ಒಂದೇ ಒಂದು ಮೂಲವಸ್ತುವಿಗಾಗಿ ಮತ್ತೊಂದು ಕಾರ್ಖಾನೆ ಕಟ್ಟಿದ ಹಾಗೆ.

ಈಗ ಟಿಡಿಎಸ್ ಮೀಟರಿನ ವಿಷಯಕ್ಕೆ ಬರೋಣ. ಈ ಮೀಟರ್ ನೀರಿನಲ್ಲಿರುವ ಲವಣವನ್ನು ತೂಗುವುದಿಲ್ಲ. ಎರಡು ಲೋಹದ ಕಡ್ಡಿಗಳ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಅದನ್ನು ಒಂದು ಗುಣಕದಿಂದ ಗುಣಿಸಿ ಅಂಕಿ ತೋರಿಸುತ್ತದೆ. ಕರೆಂಟನ್ನು ಒಯ್ಯುವುದು ವಿದ್ಯುದಂಶ ಇರುವ ಕಣಗಳು ಮಾತ್ರ. ಬೋರಿಕ್ ಆಮ್ಲ ಒಯ್ಯುವುದಿಲ್ಲ. ಎಂದರೆ ಯಾವ ಗುಣದಿಂದಾಗಿ ಬೋರಾನ್ ಪೊರೆಯಿಂದ ತಪ್ಪಿಸಿಕೊಳ್ಳುತ್ತದೋ ಅದೇ ಗುಣದಿಂದಾಗಿ ಮೀಟರಿನ ಲೆಕ್ಕದಿಂದಲೂ ತಪ್ಪಿಸಿಕೊಳ್ಳುತ್ತದೆ. ಪೊರೆ ಸೋತಿದೆ ಎಂಬುದನ್ನು ಹೇಳಬೇಕಾದ ಸಾಧನ, ಪೊರೆ ಸೋತ ಕಡೆಯಲ್ಲೇ ಕುರುಡು. ಸೋಸಿದ ನೀರಿನ ಟಿಡಿಎಸ್ 50 ಎಂದು ಪ್ಯಾನೆಲ್ ಸಂಭ್ರಮಿಸುತ್ತಿರುವಾಗ ಅದರಲ್ಲಿ ಬೋರಾನ್ ಎಷ್ಟಿದೆ ಎಂಬುದಕ್ಕೆ ಆ 50ರಲ್ಲಿ ಯಾವ ಸುಳಿವೂ ಇರುವುದಿಲ್ಲ. ಬೋರಾನನ್ನು ಅಳೆಯಲು ಬೋರಾನಿನದೇ ಪರೀಕ್ಷೆ ಬೇಕು. ಅದರ ಹಳೆಯ ಪರೀಕ್ಷೆಗಳಲ್ಲೊಂದಕ್ಕೆ ಬೇಕಾಗುವುದು ನಮ್ಮ ಅರಿಸಿನದಲ್ಲಿರುವ ಕರ್ಕ್ಯುಮಿನ್; ಬೋರಿಕ್ ಆಮ್ಲ ಸೋಂಕಿದರೆ ಅದರ ಹಳದಿ ಕೆಂಪಾಗುತ್ತದೆ. ಕೈಯಲ್ಲಿ ಹಿಡಿದು ಮಾರುವ ಮೀಟರಿಗಿಂತ ಈ ವಿಷಯದಲ್ಲಿ ಅಡುಗೆಮನೆಯ ಅರಿಸಿನಕ್ಕೇ ಹೆಚ್ಚು ತಿಳಿದಿದೆ.

ಇಷ್ಟು ಸಣ್ಣ ಪ್ರಮಾಣಕ್ಕಾಗಿ ಇಷ್ಟೊಂದು ರಾದ್ಧಾಂತ ಏಕೆ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯೇ ಕುಡಿಯುವ ನೀರಿನ ಬೋರಾನ್ ಮಿತಿಯನ್ನು 0.5 ಮಿಲಿಗ್ರಾಮಿನಿಂದ 2011ರ ಆವೃತ್ತಿಯಲ್ಲಿ 2.4ಕ್ಕೆ ಸಡಿಲಿಸಿತಲ್ಲ? ಸಡಿಲಿಸಿದ್ದು ನಿಜ, ಮನುಷ್ಯರ ಮಟ್ಟಿಗೆ. ಗಿಡಗಳಿಗೆ ಆ ಸಡಿಲಿಕೆ ಒಗ್ಗದು. ನಿಂಬೆ, ಕಿತ್ತಳೆ ಜಾತಿಯ ಗಿಡಗಳೂ ದ್ರಾಕ್ಷಿಯೂ ನೀರಾವರಿ ನೀರಿನಲ್ಲಿ ಬೋರಾನ್ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು ದಾಟಿದರೆ ಎಲೆಯಂಚು ಸುಟ್ಟುಕೊಳ್ಳುವ ಸೂಕ್ಷ್ಮ ಬೆಳೆಗಳು. ಇಸ್ರೇಲಿನಲ್ಲಿ ಊರಿನ ಬಳಕೆಯ ನೀರು ಸಂಸ್ಕರಣೆಯಾಗಿ ತೋಟಗಳಿಗೆ ಹೋಗುತ್ತದೆ. ಹೀಗಾಗಿ ತೋಟಕ್ಕೆ ಸಲ್ಲದ್ದನ್ನು ಕೊಳಾಯಿಯಲ್ಲೇ ತಡೆಯಬೇಕಾಯಿತು. ಅವರು ಪೊರೆಯೊಂದನ್ನೇ ನೆಚ್ಚಲಿಲ್ಲ ಎಂಬುದು ಇಲ್ಲಿ ಮುಖ್ಯ. ಬಟ್ಟೆ ಒಗೆಯುವ ಪುಡಿಗಳಲ್ಲಿನ ಬೋರಾನನ್ನು ಕಡಿಮೆ ಮಾಡುವ ನಿಯಮವನ್ನೂ ತಂದರು, ಅಂದರೆ ಮೂಲಕ್ಕೇ ಕೈ ಹಾಕಿದರು. ಇದರ ಇನ್ನೊಂದು ಮಗ್ಗುಲೂ ಅಲ್ಲಿಯೇ ಕಾಣಿಸಿತು. 2007ರಲ್ಲಿ ಅಲ್ಲಿನ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಕಾರ ಅಶ್ಕೆಲೋನಿನ ನೀರಿನಲ್ಲಿ ಮೆಗ್ನೀಸಿಯಂ ಇಲ್ಲವಾಗಿ ಬೆಳೆಗಳಿಗೆ ಅದರ ಕೊರತೆ ತಗುಲಿತು. ಪೊರೆ ಬೋರಾನನ್ನು ನುಸುಳಲು ಬಿಟ್ಟಿತ್ತು, ಗಿಡಕ್ಕೆ ಬೇಕಾದ ಮೆಗ್ನೀಸಿಯಮ್ಮನ್ನು ಮಾತ್ರ ಚೊಕ್ಕವಾಗಿ ತೆಗೆದುಹಾಕಿತ್ತು. ನಮ್ಮ ಕಡೆಯ ತಮಾಷೆ ಬೇರೆ. 2009ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ನೆರವಿನಿಂದ ಶುರುವಾದ ‘ಭೂಚೇತನ’ ಯೋಜನೆಯ ಮಣ್ಣು ಪರೀಕ್ಷೆಗಳು ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ಬೋರಾನ್ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿದವು. ನಮ್ಮ ರೈತ ಬೋರಾನನ್ನು ದುಡ್ಡು ಕೊಟ್ಟು ಹೊಲಕ್ಕೆ ಹಾಕುತ್ತಾನೆ.

ಹುನಗುಂದ, ಇಳಕಲ್ಲಿನ ನೆಲಕ್ಕೆ ಬಂದರೆ ಅಲ್ಲಿನ ಕಾಟ ಬೇರೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೂರದೂರದ ಕಟ್ಟಡಗಳಿಗೆ ಹೋಗುತ್ತದೆ. ಅದೇ ಗ್ರಾನೈಟ್ ಮತ್ತು ನೈಸ್ ಶಿಲೆಯ ಸೀಳುಗಳಲ್ಲಿ ನೀರು ನಿಂತಿರುತ್ತದೆ. ಈ ಶಿಲೆಗಳಲ್ಲಿನ ಕಾಗೆಬಂಗಾರದ ಜಾತಿಯ ಬಯೋಟೈಟ್, ಜೊತೆಗೆ ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಲ್ಲಿ ಫ್ಲೋರಿನ್ ಸೇರಿಕೊಂಡಿರುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ನೀರು ಕಲ್ಲಿನೊಡನೆ ಬಹಳ ಕಾಲ ನಿಲ್ಲುತ್ತದೆ. ಕೊಳವೆಬಾವಿ ಆಳಕ್ಕಿಳಿದಷ್ಟೂ ಹೆಚ್ಚು ಹಳೆಯ ನೀರು ಕೈಗೆ ಬರುತ್ತದೆ. ಅತ್ತ ಬಾದಾಮಿಯ ಗುಡ್ಡಗಳು ಬಹುಪಾಲು ಸ್ಫಟಿಕದ ಹರಳುಗಳೇ ಆದ ಮರಳುಗಲ್ಲು. ಆ ಕಲ್ಲಿನಲ್ಲಿ ಫ್ಲೋರೈಡ್ ಕೊಡುವ ಖನಿಜ ಕಡಿಮೆ. ಒಂದೇ ಜಿಲ್ಲೆ, ಎರಡು ಬಗೆಯ ಕಲ್ಲು, ಎರಡು ಬಗೆಯ ನೀರು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ಕಲ್ಲಾಗಿ ಕೆಳಗೆ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬನೇಟ್ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ಸಾಬೂನು ನೊರೆ ಬರುವ ಮೆದು ನೀರೇ ಫ್ಲೋರೈಡ್ ಹೆಚ್ಚಿರುವ ನೀರೂ ಆಗಿರಬಹುದು. ಗಡಸು ನೀರು ಕೆಟ್ಟದ್ದು, ಮೆದು ನೀರು ಒಳ್ಳೆಯದು ಎಂಬ ನಾಲಿಗೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟಿಡಿಎಸ್ ಲೆಕ್ಕವೂ ನಡೆಯುವುದಿಲ್ಲ: ಲೀಟರಿಗೆ ಸಾವಿರ ಮಿಲಿಗ್ರಾಂ ಲವಣವಿರುವ ನೀರಿನಲ್ಲಿ ಫ್ಲೋರೈಡ್ 1 ಇದ್ದರೂ ಅಷ್ಟೇ, 4 ಇದ್ದರೂ ಅಷ್ಟೇ, ಮೀಟರಿನ ಅಂಕಿ ಹೆಚ್ಚುಕಡಿಮೆ ಒಂದೇ. ಆ 1 ಮತ್ತು 4ರ ನಡುವೆ ಇರುವುದು ಒಂದು ಮಗುವಿನ ಹಲ್ಲು, ಒಬ್ಬ ಕೂಲಿಯ ಮೂಳೆ. ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನುಮೂಳೆ ಬಿಗಿದುಕೊಂಡ ರೋಗಿಗಳನ್ನು ವೈದ್ಯರು 1937ರಲ್ಲೇ ವರದಿ ಮಾಡಿದ್ದರು. ಫ್ಲೋರೈಡ್ ತರುವ ಈ ರೋಗ, ಫ್ಲೋರೋಸಿಸ್, ನಮಗೆ ಹೊಸದಲ್ಲ.

ಬೋರಾನಿಗೆ ಹೋಲಿಸಿದರೆ ಫ್ಲೋರೈಡ್ ವಿಷಯದಲ್ಲಿ ಪೊರೆ ನಮ್ಮ ಪಕ್ಷಕ್ಕಿದೆ. ಸಾಮಾನ್ಯ ಪಿಎಚ್‌ನಲ್ಲಿ ಫ್ಲೋರೈಡಿಗೆ ಋಣ ವಿದ್ಯುದಂಶವಿದೆ, ಅದು ನೀರಿನ ಅಣುಗಳನ್ನು ಬಹಳ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಸುಸ್ಥಿತಿಯಲ್ಲಿರುವ ಆರ್‌ಒ ಪೊರೆ ಅದನ್ನು ನೂರಕ್ಕೆ 90ಕ್ಕಿಂತ ಹೆಚ್ಚು ತಡೆಯುತ್ತದೆ. ಇಲ್ಲಿಂದಲೇ ನನ್ನ ವಾದಕ್ಕೆ ಬಲವಾದ ಆಕ್ಷೇಪವೂ ಹುಟ್ಟುತ್ತದೆ. ಬೋರಾನ್ ಮೀಟರಿಗೆ ಕಾಣದಿದ್ದರೆ ಇರಲಿ. ಫ್ಲೋರೈಡ್ ಉಳಿದ ಲವಣಗಳ ಜೊತೆಯಲ್ಲೇ ತಡೆಯಲ್ಪಡುವುದಾದರೆ, ಒಳಬರುವ ನೀರಿನ ಟಿಡಿಎಸ್ 1500 ಇದ್ದು ಹೊರಬರುವಾಗ 75 ಆದರೆ, ಫ್ಲೋರೈಡೂ ಅದೇ ಪ್ರಮಾಣದಲ್ಲಿ ಇಳಿದಿರಬೇಕಲ್ಲವೇ? ಹಾಗಿದ್ದರೆ ಟಿಡಿಎಸ್ ನಂಬಿದರೆ ತಪ್ಪೇನು? ಹೊಸ ಪೊರೆಯಿಂದ ಹೊರಬಿದ್ದ ನೀರನ್ನು ಹಾಗೆಯೇ ಕ್ಯಾನಿಗೆ ತುಂಬುವ ತನಕ ಈ ಆಕ್ಷೇಪ ಸರಿಯೇ. ಆದರೆ ಹಾಗೆ ತುಂಬುವುದು ಅಪರೂಪ. 75 ಟಿಡಿಎಸ್‌ನ ನೀರು ನಾಲಿಗೆಗೆ ಸಪ್ಪೆ. ರುಚಿ ಬರಲೆಂದು, ಖನಿಜಾಂಶ ಉಳಿಯಲೆಂದು, ಎಷ್ಟೋ ಕಡೆ ಕೊಳವೆಬಾವಿಯ ನೀರನ್ನೇ ಒಂದಿಷ್ಟು ಬೈಪಾಸ್ ವಾಲ್ವಿನಿಂದ ಸೋಸಿದ ನೀರಿಗೆ ಬೆರೆಸುತ್ತಾರೆ. ಮನೆಯ ಯಂತ್ರಗಳಲ್ಲಿ ‘ಟಿಡಿಎಸ್ ಅಡ್ಜಸ್ಟರ್’ ಎಂಬ ತಿರುಪು ಮಾಡುವುದೂ ಬಹುಪಾಲು ಇದನ್ನೇ. ಲೆಕ್ಕ ಹಾಕಿ ನೋಡೋಣ. ಕೊಳವೆಬಾವಿಯ ನೀರಿನಲ್ಲಿ ಟಿಡಿಎಸ್ 1500, ಫ್ಲೋರೈಡ್ 4 ಮಿಲಿಗ್ರಾಂ ಇದೆ ಎನ್ನಿ. ಪೊರೆ ಎರಡನ್ನೂ ನೂರಕ್ಕೆ 95ರಷ್ಟು ತಡೆದರೆ ಉಳಿಯುವುದು 75 ಮತ್ತು 0.2. ಒಟ್ಟು ಹತ್ತು ಪಾಲಿನಲ್ಲಿ ಮೂರು ಪಾಲು ಹಸಿ ನೀರಿರುವಂತೆ ಬೆರೆಸಿದರೆ ಟಿಡಿಎಸ್ ಸುಮಾರು 500 ಆಗುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹೇಳಿದ ಸ್ವೀಕಾರಾರ್ಹ ಮಿತಿಯೂ ಅಷ್ಟೇ, 500. ಪ್ಯಾನೆಲ್ಲಿನ ಅಂಕಿ ಲಕ್ಷಣವಾಗಿದೆ. ಫ್ಲೋರೈಡ್ ಎಷ್ಟಾಯಿತು? 1.34. ಅದೇ ಮಾನಕದ ಸ್ವೀಕಾರಾರ್ಹ ಮಿತಿ 1.0. ಒಂದೇ ವಾಲ್ವಿನ ಒಂದೇ ತಿರುವು ಒಂದು ಮಿತಿಯನ್ನು ಪಾಲಿಸಿ ಇನ್ನೊಂದನ್ನು ಮುರಿದಿದೆ, ಮೀಟರ್ ನೋಡಿದವನಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಟಿಡಿಎಸ್ ಮೇಲಿನ ಈ ಭಕ್ತಿ ಘಟಕ ನಡೆಸುವವರದು ಮಾತ್ರವಲ್ಲ. ಆರ್‌ಒ ಯಂತ್ರಗಳು ನೀರು ಪೋಲು ಮಾಡುವುದನ್ನು ತಡೆಯಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಆದೇಶ ಕೊಟ್ಟಾಗ ಅದೂ ಎಳೆದ ಗೆರೆ ಟಿಡಿಎಸ್ 500ರದ್ದೇ. ಅದಕ್ಕಿಂತ ಕಡಿಮೆಯಿರುವ ಕಡೆ ಆರ್‌ಒ ಬೇಡ ಎಂಬ ನಿಲುವು. ದೊಡ್ಡ ನಗರದ, ನದಿಯ ನೀರೇ ಬರುವ ಮನೆಗಳ ಬಗ್ಗೆ ಯೋಚಿಸಿದರೆ ಅದು ವಿವೇಕದ ಮಾತು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೆ ಆರ್‌ಒ ಏಕೆ ಬೇಕು ಎಂಬ ಪ್ರಶ್ನೆಗೆ ಮಾರಾಟಗಾರರ ಬಳಿಯೂ ನೇರ ಉತ್ತರವಿಲ್ಲ. ಆದರೆ ಗ್ರಾನೈಟ್ ಸೀಮೆಯ ಮೆದು ನೀರಿನ ಕೊಳವೆಬಾವಿಗೆ ಆ ಗೆರೆಯನ್ನೇ ತಂದು ಅಳೆದರೆ, ಟಿಡಿಎಸ್ 450 ಇದ್ದು ಫ್ಲೋರೈಡ್ 3 ಇರುವ ನೀರು ಯಂತ್ರದ ಅಗತ್ಯವೇ ಇಲ್ಲದ ಉತ್ತಮ ನೀರಾಗಿಬಿಡುತ್ತದೆ. ಅಳತೆಗೋಲು ಸಂಶೋಧಕರಿಗೆ ಅನುಕೂಲ, ಅಧಿಕಾರಿಗಳಿಗೆ ಅನುಕೂಲ, ವ್ಯಾಪಾರಿಗಳಿಗೆ ಇನ್ನೂ ಅನುಕೂಲ. ಕುಡಿಯುವವರಿಗೆ ಅದರಿಂದೇನು ಪ್ರಯೋಜನ ಎಂಬುದು ಊರಿನ ಕಲ್ಲಿನ ಮೇಲೆ ನಿಂತಿದೆ.

ಫ್ಲೋರೈಡನ್ನೇ ಅಳೆಯುವುದು ಹಳ್ಳಿಗೆ ದುಬಾರಿ, ಅದಕ್ಕೆ ಪ್ರಯೋಗಾಲಯ ಬೇಕು, ಮೀಟರಾದರೆ ಒಂದು ಕ್ಷಣದ ಕೆಲಸ ಎಂಬ ಮಾತೂ ಬರುತ್ತದೆ. ಇದರಲ್ಲಿ ಹುರುಳಿಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಹೇಳಿದೆ. ಆ ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆಯೂ ಇರುತ್ತದೆ. ನಾಲ್ಕು ಹನಿ ದ್ರಾವಣ ಹಾಕಿ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ನೋಡುವ ಬಗೆಯದು. ಪ್ರಯೋಗಾಲಯದ ವಿದ್ಯುದ್ವಾರದಷ್ಟು ನಿಖರವಾಗಿ ಅದು ಹೇಳದಿರಬಹುದು, ಆದರೆ 0.5 ಮತ್ತು 2ರ ನಡುವಿನ ವ್ಯತ್ಯಾಸವನ್ನು ಹೇಳಲು ಅಷ್ಟು ಸಾಕು. ಕೊರತೆಯಿರುವುದು ಸಾಧನದ್ದಲ್ಲ, ಯಾವ ನೀರನ್ನು, ಎಲ್ಲಿ, ಯಾವಾಗ ಪರೀಕ್ಷಿಸಬೇಕು ಎಂಬ ಶಿಸ್ತಿನದು. ಕೊಳವೆಬಾವಿಯ ನೀರನ್ನು ಪರೀಕ್ಷಿಸಿ ದಾಖಲೆ ಬರೆದರೆ ಕ್ಯಾನಿನ ನೀರಿನ ವಿಷಯ ಗೊತ್ತಾಗುವುದಿಲ್ಲ. ಬೈಪಾಸ್ ವಾಲ್ವಿನ ನಂತರದ ನಲ್ಲಿಯಲ್ಲಿ, ಮಳೆಗಾಲ ಮುಗಿದಾಗ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆಯಾದರೂ, ಪೊರೆ ಬದಲಿಸಿದಾಗ ಮತ್ತೊಮ್ಮೆ ನೋಡಬೇಕು. ಪೊರೆಗೂ ಆಯುಸ್ಸಿದೆ. ಗಾರೆ ಕಟ್ಟಿ, ಕ್ಲೋರಿನ್ ತಾಗಿ, ಒಳಗಿನ ರಬ್ಬರ್ ರಿಂಗ್ ಸಡಿಲಾಗಿ ಅದರ ತಡೆಯುವ ಶಕ್ತಿ ನಿಧಾನವಾಗಿ ಕುಗ್ಗುತ್ತದೆ. ಟಿಡಿಎಸ್ 75ರಿಂದ 300ಕ್ಕೆ ಏರಿದಾಗ ರುಚಿ ಹೆಚ್ಚಿತೆಂದು ಖುಷಿಪಡುವವರೇ ಹೆಚ್ಚು. ಅಷ್ಟು ಹೊತ್ತಿಗೆ ಫ್ಲೋರೈಡ್ ನಾಲ್ಕು ಪಟ್ಟಾಗಿರುತ್ತದೆ.

ಮಿತಿಯ ವಿಷಯದಲ್ಲೂ ನಮ್ಮ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಫ್ಲೋರೈಡ್ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ನಮ್ಮ ಮಾನಕದಲ್ಲಿ ಬೇರೆ ನೀರು ಸಿಗದಿದ್ದಾಗಿನ ಗರಿಷ್ಠ ಮಿತಿಯೂ ಅದೇ. ದಿನಕ್ಕೆ ಎರಡು ಲೀಟರ್ ಕುಡಿಯುವ ತಂಪು ದೇಶದವನಿಗೆ ಅದರಿಂದ ಮೂರು ಮಿಲಿಗ್ರಾಂ ಸೇರುತ್ತದೆ. ಇಳಕಲ್ಲಿನ ಕಲ್ಲುಕ್ವಾರಿಯಲ್ಲಿ ಏಪ್ರಿಲ್ ಬಿಸಿಲಿಗೆ ದುಡಿಯುವವನು ನಾಲ್ಕು ಲೀಟರಿಗೂ ಮಿಕ್ಕಿ ಕುಡಿಯುತ್ತಾನೆ, ಆರು ಮಿಲಿಗ್ರಾಂ ಅಲ್ಲಿಗೇ ಮುಗಿಯಿತು. ಒಟ್ಟು ಸೇವನೆ ಆರು ಮಿಲಿಗ್ರಾಂ ದಾಟಿದರೆ ಮೂಳೆಗೆ ಅಪಾಯ ಹೆಚ್ಚುವ ಸೂಚನೆಗಳಿವೆ ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಹಾದಲ್ಲಿರುವುದು ಇದರ ಮೇಲೆ, ಅಡುಗೆಯ ನೀರಿನದು ಅದರ ಮೇಲೆ. ಅಡುಗೆಯ ಮಾತು ಸಣ್ಣದಲ್ಲ. ಕ್ಯಾನಿನ ನೀರು ದುಡ್ಡು ಕೊಟ್ಟು ತಂದದ್ದು, ಅದು ಕುಡಿಯಲಿಕ್ಕೆ. ರೊಟ್ಟಿಯ ಹಿಟ್ಟಿಗೆ ಹೊಯ್ಯುವ ಎಸರು, ಬೇಳೆ, ಅನ್ನ ಎಲ್ಲಕ್ಕೂ ನಲ್ಲಿಯ ಬೋರ್ ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಉಳಿದದ್ದು ಇನ್ನಷ್ಟು ಗಟ್ಟಿಯಾಗುತ್ತದೆ. ಜಲಜೀವನ ಮಿಷನ್ನಿನ ನಿಯಮದಲ್ಲೇ ಫ್ಲೋರೈಡ್, ಆರ್ಸೆನಿಕ್ ಇರುವ ಊರುಗಳ ಸಮುದಾಯ ಘಟಕಗಳು ತಾತ್ಕಾಲಿಕವಾಗಿ ತಲೆಗೆ 8ರಿಂದ 10 ಲೀಟರ್ ಕೊಡಬೇಕು, ಅದು ಕುಡಿಯಲಿಕ್ಕೂ ಅಡುಗೆಗೂ ಸೇರಿ ಎಂದಿದೆ. ಐದು ಜನರ ಮನೆಗೆ ದಿನಕ್ಕೆ ಎರಡು ಕ್ಯಾನ್ ಆಯಿತು. ಒಂದೇ ಕ್ಯಾನಿನಲ್ಲಿ ಎರಡು ದಿನ ತಳ್ಳುವ ಮನೆಗೆ ಪೊರೆ ಎಷ್ಟೇ ಚೆನ್ನಾಗಿದ್ದರೂ ಅರೆಬರೆ ರಕ್ಷಣೆಯಷ್ಟೇ.

ಪೊರೆ ತಡೆದ ಫ್ಲೋರೈಡ್ ಎಲ್ಲಿ ಹೋಯಿತು ಎಂದು ಕೇಳುವವರು ಕಡಿಮೆ. ಎಲ್ಲಿಗೂ ಹೋಗಿರುವುದಿಲ್ಲ. ಮೇಲಿನ ಲೆಕ್ಕದ ಘಟಕ ನೂರು ಲೀಟರಿನಲ್ಲಿ ಐವತ್ತನ್ನು ಸೋಸಿ ಐವತ್ತನ್ನು ಹೊರಹಾಕುತ್ತದೆ ಎಂದುಕೊಂಡರೆ, ಹೊರಹಾಕಿದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 7.8 ಮಿಲಿಗ್ರಾಂ ಆಗಿರುತ್ತದೆ. ಅದು ಪೈಪಿನಿಂದ ಇಳಿದು ಗಟಾರಕ್ಕೆ, ಗಟಾರದಿಂದ ಅದೇ ಕಲ್ಲಿನ ಸೀಳುಗಳಿಗೆ ಇಂಗುತ್ತದೆ. ಕೆಲವೆಡೆ ದನಗಳ ತೊಟ್ಟಿಗೆ ಬೀಳುತ್ತದೆ. ದನಕರುಗಳಿಗೂ ಫ್ಲೋರೋಸಿಸ್ ತಗಲುತ್ತದೆ, ಅವುಗಳ ಹಲ್ಲನ್ನು ಪರೀಕ್ಷಿಸುವ ಶಿಬಿರ ಮಾತ್ರ ಯಾರೂ ಮಾಡುವುದಿಲ್ಲ. ಈ ನೀರನ್ನು ದನಕ್ಕೆ ಬಿಡದೆ ಶೌಚಾಲಯಕ್ಕೆ, ನೆಲ ತೊಳೆಯಲಿಕ್ಕೆ ಬಳಸುವುದು ಕನಿಷ್ಠ ವಿವೇಕ. ಪೊರೆ ಇಲ್ಲದ ಹಳೆಯ ದಾರಿಯೊಂದಿದೆ: ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ, ಪಟಕ ಮತ್ತು ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನ. ಅದಕ್ಕೆ ಕರೆಂಟ್ ಬೇಡ, ಹೆಚ್ಚು ನೀರು ಪೋಲಾಗುವುದಿಲ್ಲ. ಆದರೆ ಪಟಕದ ಪ್ರಮಾಣ ನೀರಿನಿಂದ ನೀರಿಗೆ ಬದಲಾಗುತ್ತದೆ, ದಿನವೂ ಕೆಸರು ತೆಗೆಯಬೇಕು, ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಕಾಯಿನ್ ಹಾಕಿದರೆ ನೀರು ಬರುವ ಸೌಕರ್ಯದ ಎದುರು ಅದು ನಿಲ್ಲಲಾರದೆ ಹೋಯಿತು.

ಹಾಗಾದರೆ ಇಸ್ರೇಲಿನವರು ಬಟ್ಟೆಯ ಪುಡಿಗೆ ಕೈ ಹಾಕಿದಂತೆ ಇಲ್ಲಿ ಮೂಲಕ್ಕೆ ಕೈ ಹಾಕುವುದೆಂದರೆ ಏನು? ಗ್ರಾನೈಟನ್ನು ಬದಲಿಸಲಾಗದು, ನೀರಿನ ಮೂಲವನ್ನು ಬದಲಿಸಬಹುದು. ಹೊಳೆಯ ನೀರು ಕಲ್ಲಿನೊಳಗೆ ವರ್ಷಗಟ್ಟಲೆ ನಿಂತದ್ದಲ್ಲ. ಅದರಲ್ಲಿ ಫ್ಲೋರೈಡ್ ಅಲ್ಪ. ಕೃಷ್ಣೆಯ ಹಿನ್ನೀರನ್ನು ಸಂಸ್ಕರಿಸಿ ಪೈಪಿನಲ್ಲಿ ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳೇ ಈ ಸೀಮೆಗೆ ಮೊದಲ ಉತ್ತರವಾಗಬೇಕು ಎಂಬುದು ನನ್ನ ಎಣಿಕೆ. ಅಡುಗೆಗೂ ಕುಡಿಯಲಿಕ್ಕೂ ದನಕ್ಕೂ ಒಂದೇ ನಲ್ಲಿ, ಯಾರ ನಾಣ್ಯದ ಲೆಕ್ಕವೂ ಇಲ್ಲ, ಗಟಾರಕ್ಕೆ ಸುರಿಯುವ ಅರ್ಧ ಪಾಲೂ ಇಲ್ಲ. ಹೊಳೆ ನೀರೇನು ಗಂಗಾಜಲವೇ ಎಂದು ಕೇಳಬಹುದು. ಅಲ್ಲ. ಮೇಲಿನ ಊರುಗಳ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ, ಮಳೆಗಾಲದ ಕೆಂಪು ರಾಡಿ ಎಲ್ಲ ಅದರಲ್ಲಿವೆ. ಆದರೆ ರಾಡಿಯನ್ನು ಪಟಕದಿಂದ, ರೋಗಾಣುವನ್ನು ಮರಳುಸೋಸಿಕೆ ಮತ್ತು ಕ್ಲೋರಿನ್ನಿನಿಂದ ತೆಗೆಯುವ ವಿದ್ಯೆ ನೂರು ವರ್ಷಕ್ಕೂ ಹಳೆಯದು, ಅಗ್ಗದ್ದು, ಇಂಜಿನಿಯರರಿಗೆ ಕೈವಶವಾದದ್ದು. ಕರಗಿ ಹೋದ ಫ್ಲೋರೈಡನ್ನು ತೆಗೆಯುವುದಕ್ಕಿಂತ ಕಲಕಿದ ಮಣ್ಣನ್ನು ತೆಗೆಯುವುದು ಯಾವತ್ತೂ ಸುಲಭ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದು: ಪೈಪ್ ಒಡೆಯುತ್ತದೆ, ಕರೆಂಟ್ ಹೋಗುತ್ತದೆ, ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿಯುತ್ತದೆ, ಕೊನೆಯ ಊರಿಗೆ ನೀರು ಮುಟ್ಟುವುದಿಲ್ಲ, ಆ ದಿನಗಳಲ್ಲಿ ಪಂಚಾಯಿತಿ ಅದೇ ಓವರ್‌ಹೆಡ್ ಟ್ಯಾಂಕಿಗೆ ಬೋರ್ ನೀರು ತುಂಬಿಸುತ್ತದೆ, ಜನ ಹೊಳೆ ನೀರೆಂದೇ ಕುಡಿಯುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆರ್‌ಒ ಘಟಕಕ್ಕೆ ನಿಜವಾದ ಜಾಗ ಇರುವುದು ಇಲ್ಲಿ, ಹೊಳೆ ಕೈಕೊಟ್ಟ ದಿನದ ಆಸರೆಯಾಗಿ.

ಹಾಗೆಂದು ಘಟಕಕ್ಕೆ ಬೀಗ ಹಾಕಿ ಬೇಸಿಗೆಗೆಂದು ಕಾಯ್ದಿಡುವಂತಿಲ್ಲ. ನಿಂತ ನೀರಿನಲ್ಲಿ ಪೊರೆಯ ಮೇಲೆ ಬ್ಯಾಕ್ಟೀರಿಯಾ ಕಟ್ಟುತ್ತವೆ. ಒಣಗಿಸಿಟ್ಟರೆ ಪೊರೆ ಬಿರಿದು ಕೆಡುತ್ತದೆ. ಆಗಾಗ ಓಡಿಸಬೇಕು, ಇಲ್ಲವೇ ಸಂರಕ್ಷಕ ದ್ರಾವಣ ತುಂಬಿ ಇಡಬೇಕು. ಎರಡಕ್ಕೂ ತಿಳಿದ ಕೈ ಬೇಕು, ವರ್ಷಪೂರ್ತಿ ಸಂಬಳವೂ ಬೇಕು. ಈಗಿನ ನಿರ್ವಹಣೆ ಹೆಚ್ಚಾಗಿ ಎಷ್ಟು ಕ್ಯಾನ್ ಮಾರಾಟವಾಯಿತು ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಹೊಳೆ ನೀರು ಚೆನ್ನಾಗಿ ಬಂದ ವರ್ಷ ಘಟಕ ನಡೆಸುವವನಿಗೆ ನಷ್ಟ. ಅವನು ಬಿಟ್ಟು ಹೋಗುತ್ತಾನೆ, ಪೊರೆ ಕೆಡುತ್ತದೆ, ಮುಂದಿನ ಬೇಸಿಗೆಗೆ ಘಟಕ ಇರುವುದಿಲ್ಲ. ಇದರ ಬದಲು ಗುತ್ತಿಗೆಯ ಹಣವನ್ನು ಎರಡು ಅಂಕಿಗಳಿಗೆ ಕಟ್ಟಬಹುದು: ಘಟಕ ವರ್ಷದಲ್ಲಿ ಎಷ್ಟು ದಿನ ಓಡುವ ಸ್ಥಿತಿಯಲ್ಲಿತ್ತು, ಮತ್ತು ಬೈಪಾಸ್ ದಾಟಿದ ನಲ್ಲಿಯಲ್ಲಿ ಫ್ಲೋರೈಡ್ ಎಷ್ಟಿತ್ತು. ಕಿಟ್ ಹಿಡಿದ ಊರಿನ ಮಹಿಳೆಯರು ಎರಡನೆಯ ಅಂಕಿಯನ್ನು ಬರೆದು ಸಹಿ ಮಾಡಿದ ಮೇಲೆಯೇ ಬಿಲ್ ಪಾವತಿಯಾಗಲಿ. ಟಿಡಿಎಸ್ ಮೀಟರ್ ಪ್ಯಾನೆಲ್ಲಿನಲ್ಲಿ ಇರಲಿ, ಪೊರೆ ಹರಿದಿದೆಯೋ ಎಂದು ನೋಡಿಕೊಳ್ಳಲು ಮೆಕ್ಯಾನಿಕ್‌ಗೆ ಅದು ಬೇಕಾಗುತ್ತದೆ.